ವಾರಕ್ಕಾಗುವಷ್ಟು ಹಿಟ್ಟು

ಇಳಕಲ್ಲಿನ ಬಸ್ ನಿಲ್ದಾಣದಿಂದ ಬಜಾರಿನ ಕಡೆ ಹೊರಳಿದರೆ ಎಡಕ್ಕೊಂದು ಹಿಟ್ಟಿನ ಗಿರಣಿ ಇದೆ. ಮೊನ್ನೆ ಸಂಬಂಧಿಕರ ಮನೆಯ ನಿಶ್ಚಯಕ್ಕೆಂದು ಹೋದವನು ಅದರ ಮುಂದೆ ಹಾಯುವಾಗ ತಟ್ಟನೆ ನಿಂತುಬಿಟ್ಟೆ. ಒಳಗೆ ಯಾರದೋ ಬಿಳಿಜೋಳ ಬೀಸುತ್ತಿದ್ದರು. ಆಗಷ್ಟೇ ಬೀಸಿದ ಜೋಳದ ಹಿಟ್ಟಿಗೆ ಬೆಚ್ಚಗಿನ, ತುಸು ಸಿಹಿಯಾದ ಒಂದು ವಾಸನೆ ಇರುತ್ತದೆ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಹತ್ತಿರವೂ ಗಿರಣಿ ಇದೆ, ಅಲ್ಲಿಯೂ ಇದೇ ಜೋಳ ಬೀಸುತ್ತಾರೆ. ಆದರೆ ಇಳಕಲ್ಲಿನ ಆ ಗಿರಣಿಯ ವಾಸನೆ ಬಂದರೆ ಮಾತ್ರ ನನಗೆ ಎದೆಯ ಮೇಲಿನ ಭಾರ ಇಳಿದಂತಾಗುತ್ತದೆ. ಹೆಂಡತಿ ಮಾದೇವಿಗೆ ಫೋನ್ ಹಚ್ಚಿ, ಇಲ್ಲಿಂದಲೇ ಹಿಟ್ಟು ತರಲೇನು ಎಂದು ಕೇಳಿದೆ. ಆ ಕಡೆಯಿಂದ ನಗು ಕೇಳಿಸಿತು.

"ತರ್ರಿ. ಆದ್ರ ಒಂದ ವಾರದ್ದಷ್ಟ ತರ್ರಿ ಮತ್ತ," ಎಂದಳು.

ವಾರದ್ದಷ್ಟೇ ಯಾಕೆ ಎಂಬುದಕ್ಕೆ ನಾವು ಇಳಕಲ್ಲಿನಲ್ಲಿದ್ದಾಗಿನ ಒಂದು ಮಳೆಗಾಲವನ್ನೇ ಹೇಳಬೇಕಾಗುತ್ತದೆ. ಆಗ ನಾನು ಅಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಕೆಲಸಗಾರರು ಅಮಾವಾಸ್ಯೆಯ ದಿನ ಮಷಿನ್ ಮುಟ್ಟುತ್ತಿರಲಿಲ್ಲ. ಪೂಜೆ ಮಾಡಿ, ಕಾಯಿ ಒಡೆದು, ಮನೆಗೆ ಹೋಗುತ್ತಿದ್ದರು. ಹಾಗಾಗಿ ನಮ್ಮ ಕಾರ್ಖಾನೆಯ ತಿಂಗಳು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಆ ತಿಂಗಳು ಎಷ್ಟು ಕಲ್ಲು ಕೊಯ್ಯಬೇಕು, ಎಷ್ಟು ಹೊಳಪು ಹತ್ತಿಸಬೇಕು ಎಂಬ ಟಾರ್ಗೆಟ್ಟನ್ನು ಬಾಗಿಲ ಬಳಿ ನಿಲ್ಲಿಸಿದ ಕೆಂಪು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವವನು ನಾನೇ. ಮುಗಿದದ್ದಕ್ಕೆ ಗುರುತು ಹಾಕುವವನೂ ನಾನೇ. ಗುರುತು ಹಾಕುವಾಗ ನನಗಾಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ.

ನೇಕಾರರ ಓಣಿಯಲ್ಲಿ ಒಂದು ಬಾಡಿಗೆ ಮನೆ. ಮನೆಯಲ್ಲಿ ನನ್ನ ಅವ್ವ, ಮಾದೇವಿ, ಹೈಸ್ಕೂಲಿಗೆ ಹೋಗುವ ಮಗಳು ಅಕ್ಷತಾ ಮತ್ತು ನಾನು. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆ ದಾಟಿ ನಸುಕಿನಿಂದಲೇ ಶುರುವಾಗುತ್ತಿತ್ತು. ಹೊಸದಾಗಿ ಬಂದಾಗ ಆ ಸದ್ದಿಗೆ ನಾನು ಸಿಡಿಮಿಡಿಗೊಂಡದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಅದು ಕಿವಿಗೆ ಬೀಳದಷ್ಟು ರೂಢಿಯಾಯಿತು.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಅವ್ವ ಮತ್ತು ಅಕ್ಷತಾ ಪಡಸಾಲೆಯಲ್ಲಿ ಕೂತು ಮಣ್ಣಿನ ಎತ್ತು ಮಾಡುತ್ತಿದ್ದರು. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಓಡಿ ಹೋಗಿ ನೋಡಿದರೆ ಮಾದೇವಿ ಒಲೆಯ ಪಕ್ಕ ಬಿದ್ದಿದ್ದಳು. ತುಟಿ ಬೆಳ್ಳಗಾಗಿತ್ತು. ಹಂಚಿನ ಮೇಲೆ ಹೋಳಿಗೆ ಹೊತ್ತುತ್ತಿತ್ತು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟವಳು ಮೊದಲು ಹೇಳಿದ್ದು, ಹೋಳಿಗೆ ತಿರುವಿ ಹಾಕ್ರಿ ಅಂತ.

ಮರುದಿನ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದೆ. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ ಬಿಡಿಸಿ ಹೇಳಿದರು. ಗರ್ಭಕೋಶದಲ್ಲಿ ಗಡ್ಡೆಗಳಿವೆ, ಸಣ್ಣವು, ಹೆದರುವಂಥವಲ್ಲ. ಆದರೆ ತಿಂಗಳು ತಿಂಗಳು ಹೋದ ರಕ್ತ ತುಂಬಿಕೊಂಡಿಲ್ಲ, ಮೈಯಲ್ಲಿ ರಕ್ತವೇ ಇಲ್ಲ. ಮೂರು ತಿಂಗಳು ಔಷಧ ಕೊಟ್ಟು ನೋಡೋಣ, ರಕ್ತ ಏರಿದರೆ ಆಪರೇಷನ್ ಬೇಡ, ಏರದಿದ್ದರೆ ಗರ್ಭಕೋಶ ತೆಗೆಯುವುದೇ ದಾರಿ. ಅವಳಿಗೆ ವಿಶ್ರಾಂತಿ ಬೇಕು, ಹೊತ್ತಿಗೆ ಸರಿಯಾಗಿ ಊಟ ಬೇಕು, ಊಟದ ಹಿಂದೆಯೇ ಚಹಾ ಕುಡಿಯಬಾರದು ಎಂದರು. ಕೊನೆಗೆ ಮಾದೇವಿಯ ಕಡೆ ತಿರುಗಿ, ಹಸಿವು ಚೆನ್ನಾಗಿ ಆಗುತ್ತದಾ ಎಂದು ಕೇಳಿದರು.

ಮಾದೇವಿ ನನ್ನ ಮುಖ ನೋಡಿದಳು. ಆಮೇಲೆ, "ಅದನ್ನೇನ ನೋಡಿಲ್ರಿ," ಎಂದಳು.

ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಕಮತಗಿ ದಾಟಿದ ಮೇಲೆ ಮೆಲ್ಲಗೆ ಬಾಯಿ ಬಿಟ್ಟಳು. ಅವಳ ತವರು ಬೇವೂರು. ಅಲ್ಲಿ ಅವಳ ಅಕ್ಕನಿಗೆ ಇದೇ ಆಪರೇಷನ್ ಆಗಿತ್ತು. ಆದ ಮೇಲೆ ಅಕ್ಕ ಮೊದಲಿನ ಅಕ್ಕ ಆಗಲೇ ಇಲ್ಲ; ಬಗ್ಗಿ ಕಸ ಹೊಡೆಯಲು ಸಹ ಕಷ್ಟ, ಮಾತು ಮಾತಿಗೆ ಕಣ್ಣೀರು. ಎಲ್ಲರಿಗೂ ಹಾಗೇ ಆಗುತ್ತದೆ ಎಂದೇನಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದರೂ ಇವಳ ಕಣ್ಣ ಮುಂದೆ ಇದ್ದದ್ದು ಅಕ್ಕನೇ. "ನನಗ ಅದೊಂದ ಬ್ಯಾಡ್ರಿ," ಎಂದಳು. ಅದು ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದು ಬಸ್ಸಿನಲ್ಲೇ ಮಾತು ಕೊಟ್ಟೆ.

ನೋಡಿಕೊಳ್ಳುವುದು ಎಂದರೆ ನನಗೆ ಗೊತ್ತಿದ್ದದ್ದು ಒಂದೇ ರೀತಿ. ಕಾರ್ಖಾನೆಯಲ್ಲಿ ಮೂಲೆ ಮುರಿದು ಬಿದ್ದಿದ್ದ ಒಂದು ಕೆಂಪು ಕಲ್ಲನ್ನು ಹೇಳಿ ಕೇಳಿ ತಂದು ಅಡುಗೆಮನೆಯ ಗೋಡೆಗೆ ಆನಿಸಿ ನಿಲ್ಲಿಸಿದೆ. ಸೀಮೆಸುಣ್ಣ ಹಿಡಿದು ಆ ತಿಂಗಳ ಗುರಿಗಳನ್ನು ಬರೆದೆ. ರೊಟ್ಟಿ, ಪಲ್ಯ ನಾನು ಮಾಡುವುದು. ಮಾದೇವಿ ಮಧ್ಯಾಹ್ನ ಮಲಗುವುದು. ಊಟದ ಹಿಂದೆ ಚಹಾ ಬಂದ್. ಸಂಜೆ ಎಲ್ಲರೂ ಕೂಡಿ ಉಣ್ಣುವುದು. ಮನೆಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಷತಾ ಸೀಮೆಸುಣ್ಣ ಕಸಿದುಕೊಂಡು ಕೆಳಗೆ, ಅಪ್ಪ ಸಿಟ್ಟು ಮಾಡಬಾರದು ಎಂದು ಬರೆದಳು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ರೊಟ್ಟಿ ಬಡಿಯುವುದು ಗೊತ್ತಿರಲಿಲ್ಲ, ಕಲಿತರಾಯಿತು ಎಂದುಕೊಂಡೆ. ಕಲ್ಲಿಗೇ ಹೊಳಪು ಹತ್ತಿಸುವವನಿಗೆ ಹಿಟ್ಟು ಯಾವ ಲೆಕ್ಕ! ಮೊದಲ ಕೆಲಸವೆಂದು ಒಂದಿಡೀ ತಿಂಗಳಿಗೆ ಬೇಕಾಗುವಷ್ಟು ಜೋಳವನ್ನು ಸ್ಕೂಟರಿಗೆ ಹೇರಿಕೊಂಡು ಗಿರಣಿಗೆ ಒಯ್ದೆ. ತಿಂಗಳ ಕಚ್ಚಾ ಮಾಲು ಒಮ್ಮೆಗೇ ತಯಾರಿರಬೇಕು, ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂಬುದು ನಮ್ಮ ಕಾರ್ಖಾನೆಯ ಪಾಠ. ಹಿಟ್ಟಿನ ಡಬ್ಬಿಗಳನ್ನು ಸಾಲಾಗಿ ಇಟ್ಟಾಗ ಮಾದೇವಿ, "ಇಷ್ಟ್ಯಾಕ್ರಿ ಒಮ್ಮೇಲೆ?" ಎಂದು ಕೇಳಿದಳು. ನೀ ಸುಮ್ಮನೆ ಮಲಗು, ಇದು ನನ್ನ ಡಿಪಾರ್ಟ್‌ಮೆಂಟು ಎಂದೆ. ಅವ್ವ ಏನೋ ಹೇಳಲು ಬಾಯಿ ತೆರೆದವಳು ನನ್ನ ಮುಖ ನೋಡಿ ಮುಚ್ಚಿಕೊಂಡಳು.

ಮೊದಲ ವಾರ ಹೇಗೋ ನಡೆಯಿತು. ಕುದಿಯುವ ಎಸರು ಹಾಕಿ ಹಿಟ್ಟು ನಾದುವಾಗ ಬೆರಳು ಸುಟ್ಟುಕೊಂಡೆ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಾದರೂ ಹಂಚಿನ ಮೇಲೆ ಹೋಗುವವರೆಗೆ ಒಂದೇ ತುಂಡಾಗಿರುತ್ತಿತ್ತು. ಆಷಾಢದ ಗಾಳಿ ಜೋರಾದಂತೆ ನನ್ನ ರೊಟ್ಟಿ ಕೆಡುತ್ತಾ ಬಂತು. ಅಂಚು ಬಿರಿಯತೊಡಗಿತು. ಎತ್ತಲು ಹೋದರೆ ಅರ್ಧ ಕೈಯಲ್ಲಿ, ಅರ್ಧ ಮಣೆಯ ಮೇಲೆ. ಹಿಟ್ಟನ್ನು ಬೈದೆ, ಹಂಚನ್ನು ಬೈದೆ, ಕಿಟಕಿಯಿಂದ ಬರುವ ಗಾಳಿಯನ್ನೂ ಬೈದೆ. ವಿಚಿತ್ರವೆಂದರೆ ಊಟಕ್ಕೆ ಕೂತಾಗ ಬುಟ್ಟಿಯಲ್ಲಿ ಒಳ್ಳೆಯ ರೊಟ್ಟಿಗಳೂ ಇರುತ್ತಿದ್ದವು. ಬಡಿಯುವಾಗ ಕೆಟ್ಟದ್ದೇ ಕಣ್ಣಿಗೆ ಬೀಳುತ್ತದೆ, ಒಟ್ಟಿನಲ್ಲಿ ಅಷ್ಟೇನೂ ಮೋಸವಿಲ್ಲ ಎಂದುಕೊಂಡು ಕಲ್ಲಿನ ಮೇಲೆ ಗುರುತು ಹಾಕುತ್ತಿದ್ದೆ. ಮಾದೇವಿಯನ್ನು ಉಣ್ಣಲು ಕರೆದರೆ ಅದೇ ಹಳೆಯ ಮಾತು: "ನನಗ ಹಸಿವಿಲ್ರಿ, ನಿಮ್ಮದಾಗಲಿ, ಆಮ್ಯಾಲ ಉಣ್ತೇನಿ." ಮದುವೆಯಾದಾಗಿನಿಂದ ಕೇಳಿದ ಮಾತಾದ್ದರಿಂದ ಅದು ಗುರಿಯ ಪಟ್ಟಿಗೆ ಬರಬೇಕಾದ್ದು ಎಂದು ನನಗೆ ಹೊಳೆದಿರಲಿಲ್ಲ.

ನಾಗರ ಅಮಾವಾಸ್ಯೆಗೆ ಮುಂಚೆ ಬಾಗಲಕೋಟೆಗೆ ಹೋದೆವು. ಡಾಕ್ಟರಮ್ಮ ರಿಪೋರ್ಟು ನೋಡಿ ತಲೆ ಅಲ್ಲಾಡಿಸಿದರು. ರಕ್ತ ಏರಿಲ್ಲ, ಇದ್ದಲ್ಲೇ ಇದೆ. ವಿಶ್ರಾಂತಿ ತಗೊಂಡಿದ್ದಾರಾ, ಉಣ್ಣುತ್ತಿದ್ದಾರಾ ಎಂದು ನನ್ನನ್ನೇ ಕೇಳಿದರು. ಎಲ್ಲವೂ ನೂರಕ್ಕೆ ನೂರು ಆಗಿದೆ ಮೇಡಂ ಎಂದು ಎದೆ ಉಬ್ಬಿಸಿ ಹೇಳಿದೆ. ಮಾದೇವಿ ನೆಲ ನೋಡುತ್ತಿದ್ದಳು. ಇನ್ನೂ ಎರಡು ತಿಂಗಳಿದೆ, ನೋಡೋಣ ಎಂದರು ಅವರು; ಆದರೆ ಆ ದನಿಯಲ್ಲಿ ಮೊದಲಿನ ಭರವಸೆ ಇರಲಿಲ್ಲ. ನನಗೆ ನಿಜವಾಗಿ ಹೆದರಿಕೆ ಹತ್ತಿದ್ದು ಅವತ್ತು.

ಅಮಾವಾಸ್ಯೆಯ ದಿನ ನಸುಕಿನಲ್ಲಿ ಎಚ್ಚರವಾಯಿತು. ಕಾರ್ಖಾನೆ ರಜೆ, ಇನ್ನಷ್ಟು ಮಲಗೋಣವೆಂದು ಮಗ್ಗುಲಾದೆ. ಗೋಡೆಯ ಆಚೆಯಿಂದ ದಿನಾ ಕೇಳುವ ಸದ್ದು ಪಟಪಟ ಕೇಳುತ್ತಲೇ ಇತ್ತು. ಕಣ್ಣು ಮುಚ್ಚಿದವನು ದಡಕ್ಕನೆ ಎದ್ದು ಕೂತೆ. ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಯಾರೂ ಮಗ್ಗಕ್ಕೆ ಇಳಿಯುವುದಿಲ್ಲ. ಕಿವಿಗೊಟ್ಟು ಕೇಳಿದೆ. ಸದ್ದು ಪಕ್ಕದ ಮನೆಯದಲ್ಲ, ನಮ್ಮ ಅಡುಗೆಮನೆಯದು. ತಿಂಗಳು ಪೂರ್ತಿ ಮಗ್ಗ ಮಗ್ಗ ಎಂದು ನಾನು ಮಗ್ಗುಲು ಬದಲಿಸಿ ಮಲಗಿದ್ದು ರೊಟ್ಟಿ ಬಡಿಯುವ ಸದ್ದಿಗೆ.

ಸಿಟ್ಟು ನೆತ್ತಿಗೇರಿತು. ಕಲ್ಲಿನ ಮೇಲೆ ಅಕ್ಷತಾ ಬರೆದ ಸಾಲು ಎಲ್ಲಿ ಹೋಯಿತೋ. ದಡದಡ ಅಡುಗೆಮನೆಗೆ ನುಗ್ಗಿದೆ. ಮಾದೇವಿ ಒಂದು ರೊಟ್ಟಿ ಹಂಚಿನ ಮೇಲೆ ಹಾಕಿ, ಮುಂದಿನದನ್ನು ಬಡಿಯುವ ಮೊದಲು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ಏದುಸಿರು ಬರುತ್ತಿತ್ತು. ಕೈ ಹಿಟ್ಟಾಗಿತ್ತು. ಪಕ್ಕದಲ್ಲಿ ಒಂದು ತಾಟು, ಅದರಲ್ಲಿ ನಿನ್ನೆ ನಾನು ಮಾಡಿದ ರೊಟ್ಟಿಯ ಚೂರುಗಳು, ಮೇಲೆ ಒಂದಿಷ್ಟು ಶೇಂಗಾ ಚಟ್ನಿಪುಡಿ. ಅವಳೆದುರು ಕುಕ್ಕರಿಸಿದೆ.

ಅವಳೇ ಕಣ್ಣು ತೆರೆದಳು. ಹೆದರಿದಳು ಮೊದಲು. ನಾನು ಕೂಗಲಿಲ್ಲ ಎಂದು ಗೊತ್ತಾದ ಮೇಲೆ ನಿಧಾನವಾಗಿ ಹೇಳಿದಳು: "ಅಕ್ಷತಾನ ಡಬ್ಬಿಗೆ ಚೂರು ಹೆಂಗ ಕಟ್ಟೂದ್ರಿ? ಅತ್ತಿಯವರಿಗೆ ಹಲ್ಲಿಲ್ಲ. ನೀವು ಅಷ್ಟ ಜೀವಾ ತೇದು ಮಾಡ್ತೀರಿ, ಒಡದಾವು ಅಂದ್ರ ಮನಸಿಗೆ ಹಚ್ಚಿಕೊಂತೀರಿ. ಅದಕ್ಕ ನಾಕ ಬಡದು ನಿಮ್ಮ ರೊಟ್ಟಿ ಬುಡಕ ಇಡತಿದ್ದೆ."

"ಮತ್ತ ನೀ?"

"ನಂದೇನ ಐತ್ರಿ, ಒಡದದ್ದು ಚೆಲ್ಲಾಕ ಬರತೈತೇನು?"

ಚೂರುಗಳ ತಾಟನ್ನು ನನ್ನ ಕಡೆ ಎಳೆದುಕೊಂಡೆ. ಹೊರಗೆ ಅವ್ವ ಎದ್ದಿದ್ದಳು. ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂರಬೇಕಾದವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದು ಡಬ್ಬಿಯ ಮುಚ್ಚಳ ತೆಗೆದು ಒಂದು ಚಿಟಿಕೆ ಹಿಟ್ಟು ಬೆರಳಲ್ಲಿ ತಿಕ್ಕಿದಳು. ಬೀಸಿ ಭಾಳ ದಿನ ಆದ ಹಿಟ್ಟಿನ ಜಿಗಿ ಹೋಗುತ್ತದೆ, ಅಂಟುವುದಿಲ್ಲ, ಮಾದೇವಿಯ ಪಳಗಿದ ಕೈಯಾದರೆ ಅದನ್ನೂ ಬಗ್ಗಿಸುತ್ತದೆ, ನಿನ್ನ ಕೈಗೆಲ್ಲಿ ಬಗ್ಗೀತು ಎಂದಳು. ಜೋಳದ ರೊಟ್ಟಿ ತಿನ್ನುವ ಊರಲ್ಲಿ ಹೆಣ್ಣುಮಕ್ಕಳೆಲ್ಲರಿಗೂ ಗೊತ್ತಿರುವ ಮಾತು. ಗೊತ್ತಿದ್ದರೆ ಅವತ್ತೇ ಹೇಳಬಾರದಿತ್ತೇ ಎಂದು ರೇಗಿದೆ. "ನೀ ಕೇಳಾಂವ ಆಗಿದ್ರ ಹೇಳತಿದ್ದೆ," ಎಂದು ಅಷ್ಟೇ ತಣ್ಣಗೆ ಹೇಳಿದಳು. ಆಮೇಲೆ ಒದ್ದೆ ಅರಿವೆ ತೆಗೆದುಕೊಂಡು ನನ್ನ ಕೆಂಪು ಕಲ್ಲನ್ನು ಮೇಲಿಂದ ಕೆಳಗಿನವರೆಗೆ ಒರೆಸಿಬಿಟ್ಟಳು. ಗುರುತುಗಳೆಲ್ಲ ಬಿಳಿ ನೀರಾಗಿ ಇಳಿದವು.

"ಈ ತಿಂಗಳಿಗಿ ಒಂದ ಬರಿ," ಎಂದಳು. "ಮಾದೇವಿ ಮೊದಲ ಉಣಬೇಕು. ಹಂಚಿನ ಮ್ಯಾಲಿಂದ ಇಳಿದದ್ದು, ಬಿಸೀದು. ಉಳಿದದ್ದು ಹೆಂಗರ ಆಗಲಿ."

ಮಾದೇವಿ ಒಪ್ಪಲಿಲ್ಲ. ಅತ್ತೆ ಉಣ್ಣುವ ಮೊದಲು, ಗಂಡ ಉಣ್ಣುವ ಮೊದಲು ತಾನು ತಾಟಿಗೆ ಕೈ ಹಾಕುವುದೆಂದರೆ ಅವಳ ಮೈ ಹಿಡಿಯಷ್ಟಾಗುತ್ತಿತ್ತು. ಅವ್ವ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಿನ್ನ ಮಾವ ಇರೂತನಾ ನಾ ಒಂದ ದಿನಾನೂ ಬಿಸಿ ರೊಟ್ಟಿ ಉಂಡಾಕಿ ಅಲ್ಲ, ನನ ಮಗಳ. ಬಡಿಯಾಕಿ ಉಣ್ಣೂದ್ಯಾವಾಗ? ಎಲ್ಲಾರದೂ ಆಗಿ ಆರಿದ ಮ್ಯಾಲ. ನೀನರ ಉಣ್ಣು. ಬೇಕಾದ್ರ ನಿನ್ನ ಜೋಡಿ ನಾನೂ ಕುಂದ್ರತೇನಿ." ಅವ್ವನ ದನಿ ನಡುಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಾದೇವಿ ಹೂಂ ಎಂದಳು.

ಆ ಹಳೆಯ ಹಿಟ್ಟು ಅಂಬಲಿಗೂ ಪಕ್ಕದ ಮನೆಯ ಆಕಳಿಗೂ ಹೋಯಿತು. ಅವತ್ತಿನಿಂದ ಪ್ರತಿ ವಾರ ಗಿರಣಿಗೆ ಹೋದೆ. ಬಿಸಿ ಹಿಟ್ಟಿನ ಚೀಲ ಸ್ಕೂಟರಿನ ಮುಂದೆ ಕಾಲಿಗೆ ತಾಗಿಕೊಂಡಿರುತ್ತಿತ್ತು. ಹೊಸ ಹಿಟ್ಟಿಗೆ ಕೈ ಹಾಕಿದಾಗ ಆದ ಆಶ್ಚರ್ಯ ಹೇಳತೀರದು, ನಾದಿದ ಹಾಗೆ ನಾದಿಸಿಕೊಂಡಿತು, ಬಡಿದ ಹಾಗೆ ಹರಡಿಕೊಂಡಿತು. ಒಂದು ಸಂಜೆ ರೊಟ್ಟಿಯೊಂದು ಹಂಚಿನ ಮೇಲೆ ಅಂಚಿನಿಂದ ಅಂಚಿಗೆ ಉಬ್ಬಿದಾಗ ನಾನು ಅಕ್ಷತಾಳನ್ನು ಕೂಗಿ ಕರೆದು ತೋರಿಸಿದೆ. ಅವಳು ಅದರ ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು. ಆ ರೊಟ್ಟಿ ಮಾದೇವಿಯ ತಾಟಿಗೇ ಹೋಯಿತು. ಮೇಲಿನ ಪದರ ಬಿಡಿಸಿದಾಗ ಹಬೆ ಎದ್ದಿತು. ಅವಳು ಪುಂಡಿಪಲ್ಯ ಹಚ್ಚಿಕೊಂಡು ಉಂಡಳು.

ಶ್ರಾವಣ ಬಂತು, ಮತ್ತೊಂದು ಪೇಚು ಬಂತು. ಶ್ರಾವಣ ಸೋಮವಾರ ಒಪ್ಪತ್ತು ಮಾಡುವುದು, ಅಂದರೆ ಒಂದೇ ಹೊತ್ತು ಉಣ್ಣುವುದು, ಮಾದೇವಿ ಮದುವೆಗೆ ಮೊದಲಿನಿಂದ ಬಿಡದೆ ನಡೆಸಿಕೊಂಡು ಬಂದದ್ದು. ಈ ಸಲ ಬೇಡ ಎಂದು ನಾನು ಹೇಳಿದರೆ ಜಗಳ ಆಗುತ್ತಿತ್ತು. ಅಕ್ಷತಾಳ ಸಾಲು ಒರೆಸಿಹೋಗಿದ್ದರೂ ನನ್ನ ಮನಸ್ಸಿನಲ್ಲಿತ್ತು, ಸುಮ್ಮನಾದೆ. ಮಾತಾಡಿದ್ದು ಅವ್ವ. ಲಿಂಗಕ್ಕೆ ತೋರಿಸಿಯೇ ಉಣ್ಣುತ್ತೀಯಲ್ಲ, ನೀನು ಎರಡು ಹೊತ್ತು ಉಂಡರೆ ಲಿಂಗಕ್ಕೂ ಎರಡು ಹೊತ್ತು ನೈವೇದ್ಯ, ಅದರಲ್ಲೇನು ತಪ್ಪು ಎಂದಳು. ಮಾದೇವಿ ನಕ್ಕು ಒಪ್ಪಿದಳು. ನಾನು ತಿಂಗಳುಗಟ್ಟಲೆ ಹೇಳಿದ್ದರೂ ಆಗುತ್ತಿರಲಿಲ್ಲ, ಅವ್ವನ ಒಂದು ಮಾತಿನಿಂದ ಆಯಿತು. ಚಹಾದ ವಿಷಯದಲ್ಲಿ ಮಾತ್ರ ಮಾದೇವಿಯ ಗೋಳು ನೋಡಲಾಗುತ್ತಿರಲಿಲ್ಲ. ಊಟವಾದ ಮೇಲೆ ಗಡಿಯಾರ ನೋಡುತ್ತಾ, ಈಗ ಕುಡೀಲೇನ್ರಿ ಎಂದು ಸಣ್ಣ ಹುಡುಗಿಯ ಹಾಗೆ ಕೇಳುತ್ತಿದ್ದಳು. ಅವಳ ಜೊತೆಗೆ ನಾನೂ ಬಿಟ್ಟೆ. ತಲೆನೋವು ಬಂದದ್ದು ನನಗೆ.

ಶ್ರಾವಣ ಮುಗಿಯುವ ಬೆನಕನ ಅಮಾವಾಸ್ಯೆಯ ಹೊತ್ತಿಗೆ ರಕ್ತ ತುಸು ಏರಿತ್ತು. ಡಾಕ್ಟರಮ್ಮ ನಕ್ಕದ್ದು ಅವತ್ತೇ ಮೊದಲು. ಆದರೆ ಇನ್ನೂ ಸಾಲದು, ಮುಂದಿನ ಸಲ ನೋಡಿ ಹೇಳುತ್ತೇನೆ ಎಂದರು. ಆ ಒಂದು ತಿಂಗಳು ನಾನು ಕಲ್ಲಿನ ಮೇಲೆ ಏನನ್ನೂ ಹೊಸದಾಗಿ ಬರೆಯಲಿಲ್ಲ. ಅದೊಂದು ಸಾಲು ಹಾಗೇ ಇತ್ತು. ಮಾರುಕಟ್ಟೆಗೆ ಮೆಂತ್ಯೆ, ರಾಜಗಿರಿ, ಹತ್ತರಕಿ, ಯಾವ ಸೊಪ್ಪು ಬಂದರೂ ತರುತ್ತಿದ್ದೆ. ಮಾದೇವಿ ಮಧ್ಯಾಹ್ನ ಖರೆಯೇ ಮಲಗತೊಡಗಿದಳು. ಸಂಜೆ ಅವ್ವನ ಜೊತೆ ಓಣಿಯ ತುದಿಯವರೆಗೆ ನಡೆದು ಬರುತ್ತಿದ್ದಳು. ಅವಳ ತುಟಿಗೆ ಬಣ್ಣ ಬಂದಿದೆಯೋ ಇಲ್ಲವೋ ಎಂದು ನಾನು ಕದ್ದು ನೋಡುತ್ತಿದ್ದೆ. ಬಂದಂತೆ ಕಂಡ ದಿನ ನಿದ್ದೆ ಬರುತ್ತಿತ್ತು, ಕಾಣದ ದಿನ ಬರುತ್ತಿರಲಿಲ್ಲ.

ಮಹಾನವಮಿ ಅಮಾವಾಸ್ಯೆಯ ದಿನ ಕಾರ್ಖಾನೆಗೆ ರಜೆ ಇತ್ತು, ಅವತ್ತೇ ಹೋದೆವು. ಡಾಕ್ಟರಮ್ಮ ರಿಪೋರ್ಟು ಓದುವಾಗ ನಾನು ಅವರ ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರನ್ನೇ ನೋಡುತ್ತಿದ್ದೆ. "ರಕ್ತ ಚಲೋ ಏರೇತಿ. ಗಡ್ಡಿ ಬೆಳೆದಿಲ್ಲ. ಆಪರೇಷನ್ ಮಾತ ಈಗ ಬ್ಯಾಡ, ಆಗಾಗ ಬಂದು ತೋರಿಸಿಕೊಂಡು ಹೋಗ್ರಿ ಸಾಕು," ಎಂದರು. ಮಾದೇವಿ ಕೈ ಮುಗಿದಳು. ನಾನು ಥ್ಯಾಂಕ್ಸ್ ಹೇಳುವುದನ್ನೂ ಮರೆತೆ. ಹೊರಗೆ ಬಂದು ಮುಖಕ್ಕೆ ನೀರು ಹಾಕಿಕೊಂಡೆ.

ಬರುವ ದಾರಿಯ ತುಂಬ ಮಳೆ ಬಿದ್ದು ನಿಂತ ಹೊಲಗಳು. ಕಮತಗಿಯ ಹತ್ತಿರ ಹಸಿ ಮಣ್ಣಿನ ವಾಸನೆ ಬಸ್ಸಿನೊಳಗೆಲ್ಲ ತುಂಬಿತು. ಅದೇ ಕಮತಗಿಯ ಹತ್ತಿರ ಅವಳು ನನಗದೊಂದು ಬೇಡ ಎಂದದ್ದು ನೆನಪಾಗಿ ನಾನು ಮುಖ ಆಚೆ ತಿರುಗಿಸಿ ಅತ್ತೆ. ಖುಷಿಗೆ ಅತ್ತೆ, ಮುಚ್ಚಿಡುವುದೇನಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ತಂದೆ. ಇಡೀ ಪೊಟ್ಟಣ ಅವಳ ಕೈಗೆ ಕೊಟ್ಟೆ. ಹುನಗುಂದ ಬರುವವರೆಗೆ ಅರ್ಧ ಖಾಲಿ ಮಾಡಿದ್ದಳು. ಹಲ್ಲಿಗೆ ಅಂಟಿದ ಬೆಲ್ಲ ನಾಲಿಗೆಯಿಂದ ಬಿಡಿಸಿಕೊಳ್ಳುತ್ತಾ, ಅತ್ತೆಗೆ, ಮಗಳಿಗೆ ಇಡಬೇಕಿತ್ತು ಎಂದು ಪೇಚಾಡಿದಳು. ಪೇಚಾಡುತ್ತಲೇ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡಳು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವನಿಗೆ ಸುದ್ದಿ ಹೇಳಿದೆವು. ಅವ್ವ ದೇವರ ಮುಂದೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಕ್ಷತಾ ತಾಯಿಯನ್ನು ತಬ್ಬಿ ಬಿಡಲೇ ಒಲ್ಲಳು. ನನಗೆ ಮಾತ್ರ ಒಳಗೊಳಗೆ ಪುಕುಪುಕು. ಆರಾಮಾಯಿತಲ್ಲ, ಇನ್ನು ಇವಳು ನೆಟ್ಟಗೆ ಅಡುಗೆಮನೆಗೆ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಪರಾತಕ್ಕೆ ಹಿಟ್ಟು ಸುರಿಯುತ್ತಾಳೆ, ಮತ್ತೆ ಎಲ್ಲರದೂ ಆದ ಮೇಲೆ ಆರಿದ್ದು ತಿನ್ನುತ್ತಾಳೆ. ಬೇಡ ಎಂದರೆ, ಈಗೇನಾಗೇತ್ರಿ ನನಗೆ ಎನ್ನುತ್ತಾಳೆ. ಅದಕ್ಕೆ ಏನು ಹೇಳಬೇಕು ಎಂದು ಚಪ್ಪಲಿ ಬಿಡುತ್ತಲೇ ಮಾತು ಹುಡುಕುತ್ತಿದ್ದೆ.

ಮಾದೇವಿ ಕೈಕಾಲು ತೊಳೆದು ಬಂದಳು. ಅಡುಗೆಮನೆಗೆ ಹೋದದ್ದೇನೋ ಹೌದು. ಆದರೆ ಒಲೆಯ ಕಡೆ ಹೋಗಲಿಲ್ಲ. ಗೋಡೆಗೆ ಆನಿಸಿಟ್ಟ ಕೆಂಪು ಕಲ್ಲಿನ ಮುಂದೆ, ಯಾರೂ ಕರೆಯದೆ, ತಾಟು ತಾನೇ ತೆಗೆದುಕೊಂಡು ಕೂತಳು. ಅವ್ವನಿಗೂ ಪಕ್ಕದಲ್ಲಿ ಜಾಗ ಬಿಟ್ಟಳು. ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದ ನನ್ನನ್ನು ನೋಡಿದಳು.

"ರೊಟ್ಟಿ ಬಡಿಯೂದಿಲ್ಲೇನ್ರಿ? ಲಗೂನ ಹಾಕ್ರಿ, ನನಗ ಹಸಿವಾಗೇತಿ," ಎಂದಳು.

ಅಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿ, ಅವಳ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅವತ್ತೇ ಮೊದಲು. ಗ್ಯಾಸ್ ಹೊತ್ತಿಸಿ ಹಂಚು ಇಟ್ಟೆ.